ಹದಿಮೂರಕ್ಕೋ, ಹದಿನಾರಕ್ಕೋ? ಮಕ್ಕಳ ಕೈಗೆ ಸ್ವಂತ ಫೋನು

ಇನ್‌ಸ್ಟಾಗ್ರಾಂ ಖಾತೆ ತೆರೆಯಲು ಹೋದರೆ ‘13 ತುಂಬಿದೆಯೇ’ ಎಂದು ಕೇಳುತ್ತದೆ. ಈ ಹದಿಮೂರು ಎಲ್ಲಿಂದ ಬಂತು? ಮಕ್ಕಳ ತಜ್ಞರು ಕೂತು ಲೆಕ್ಕ ಹಾಕಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಆಗಿಲ್ಲ. 1998ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಜಾಲತಾಣಗಳು ಮಕ್ಕಳ ಮಾಹಿತಿ ಕಲೆಹಾಕಬಾರದು ಎಂಬುದು ಅದರ ಸಾರ. ಮಸೂದೆ ತಂದ ಸಂಸದ ಎಡ್ ಮಾರ್ಕಿ ‘ಮಕ್ಕಳು ಎಂದರೆ 16ರ ಒಳಗಿನವರು’ ಎಂದಿದ್ದರು. ಕಂಪನಿಗಳು ಒಪ್ಪಲಿಲ್ಲ, ಇನ್ನು ಕೆಲವರು ಬೇರೆ ಕಾರಣಕ್ಕೆ ತಕರಾರು ತೆಗೆದರು. ಚೌಕಾಸಿ ನಡೆದು 16 ಎಂಬುದು 13ಕ್ಕೆ ಇಳಿಯಿತು. ಆಗ ಫೇಸ್‌ಬುಕ್ ಹುಟ್ಟಿರಲಿಲ್ಲ, ಐಫೋನ್ ಬರಲು ಇನ್ನೂ ಒಂಬತ್ತು ವರ್ಷ ಬಾಕಿ ಇತ್ತು.

ಈಗ ಆಸ್ಟ್ರೇಲಿಯಾ 16 ಎನ್ನುತ್ತಿದೆ. ಅದಕ್ಕಿಂತ ಚಿಕ್ಕವರಿಗೆ ಸಾಮಾಜಿಕ ಜಾಲತಾಣದ ಖಾತೆ ಕೊಡಬಾರದೆಂಬ ಕಾನೂನು ಅಲ್ಲಿ 2025ರ ಡಿಸೆಂಬರ್ 10ರಿಂದ ಜಾರಿಯಲ್ಲಿದೆ. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬುವವರೆಗೂ ಮಗು ಮಗುವೇ. ಮೂರು ದೇಶ, ಮೂರು ಸಂಖ್ಯೆ. ಮೂರೂ ಸಂಸತ್ತಿನಲ್ಲಿ ಹುಟ್ಟಿದವು. ಮೇಲಾಗಿ ಇವೆಲ್ಲ ಖಾತೆಯ, ಮಾಹಿತಿಯ ಮಾತು. ಮಗಳಿಗೆ ಫೋನನ್ನೇ ಯಾವಾಗ ಕೊಡಿಸಬೇಕು ಎಂದು ಕೇಳುವ ತಾಯಿಗೆ ಇವುಗಳಲ್ಲಿ ಉತ್ತರ ಇಲ್ಲ.

ನಮ್ಮ ಕಡೆ ಈ ಪ್ರಶ್ನೆಗೆ ಬಹಳ ಕಾಲ ಒಂದು ಸಿದ್ಧ ಉತ್ತರ ಇತ್ತು: ‘ಎಸ್ಸೆಸ್ಸೆಲ್ಸಿ ಆಗ್ಲಿ, ಆಮೇಲೆ ನೋಡೋಣ’. ಪಿಯುಸಿಗೆ ಬಸ್ ಹತ್ತಿ ಬೇರೆ ಊರಿಗೆ ಹೋಗಬೇಕು, ಹಾಸ್ಟೆಲ್ ಸೇರಬೇಕು, ಆಗ ಫೋನು ಬೇಕೇ ಬೇಕು. ಯಾವ ಸಂಶೋಧನೆಯನ್ನೂ ನಂಬಿ ಮಾಡಿದ ನಿಯಮವಲ್ಲ, ಆದರೂ ಕೆಟ್ಟ ನಿಯಮವಾಗಿರಲಿಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಅದು ಮುರಿದುಬಿತ್ತು. ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ರಾಜ್ಯ ಸರ್ಕಾರ ಆ ಜೂನ್‌ನಲ್ಲಿ ನಿಷೇಧ ಹೇರಿತು, ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಫೋನಿಲ್ಲದ ಮಕ್ಕಳಿಗಾಗಿ ಮೇಷ್ಟ್ರುಗಳು ಊರೂರಿಗೆ ಹೋಗಿ ಜಗಲಿ, ದೇವಸ್ಥಾನದ ಕಟ್ಟೆಯ ಮೇಲೆ ಪಾಠ ಮಾಡುವ ‘ವಿದ್ಯಾಗಮ’ವೂ ನಡೆಯಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಸಾಲ ಮಾಡಿಯಾದರೂ ಒಂದು ಸೆಟ್ ಬಂದಿತ್ತು. ಶಾಲೆ ತೆರೆಯಿತು, ಫೋನು ವಾಪಸ್ ಹೋಗಲಿಲ್ಲ.

ಉಳಿದ ಮನೆಗಳಲ್ಲೂ ಯಾರೂ ಕೂತು ನಿರ್ಧರಿಸುವುದಿಲ್ಲ. ಅಪ್ಪ ಹೊಸ ಫೋನು ತಗೊಂಡಾಗ ಹಳೆಯದು ಮಗನ ಪಾಲಾಗುತ್ತದೆ, ಅಷ್ಟೆ. ಮೊದಲು ಸಿಮ್ ಇಲ್ಲದೆ, ವೈಫೈಗೆ ಮಾತ್ರ. ಮುಂದೊಂದು ದಿನ ಟ್ಯೂಷನ್ ಮುಗಿಯುವುದು ತಡವಾಗುತ್ತದೆ ಎಂದು ಅಮ್ಮನ ಆಧಾರ್ ಕೊಟ್ಟು ಸಿಮ್ಮೂ ಬರುತ್ತದೆ. ಗ್ರಾಮೀಣ ಭಾರತದ ಶಾಲಾ ಮಕ್ಕಳ ಸ್ಥಿತಿ ಹೇಳುವ ‘ಅಸರ್’ ವರದಿ 2024ರಲ್ಲಿ ಇದನ್ನೂ ಎಣಿಸಿದೆ. ಫೋನು ಬಳಸಲು ಬರುವ ಮಕ್ಕಳಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಇರುವವರು 14ರ ವಯಸ್ಸಿನಲ್ಲಿ ಶೇ. 27, 16ಕ್ಕೆ ಬರುವಷ್ಟರಲ್ಲಿ ಸುಮಾರು ಶೇ. 38.

ಹಾಗಾದರೆ ವಿಜ್ಞಾನ ಏನನ್ನುತ್ತದೆ? ಇಲ್ಲಿ ಎರಡು ಅಧ್ಯಯನಗಳನ್ನು ಎದುರುಬದುರು ಕೂರಿಸಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕಡಿಮೆ ಆದಾಯದ ಲ್ಯಾಟಿನೊ ಕುಟುಂಬಗಳ 250ಕ್ಕೂ ಹೆಚ್ಚು ಮಕ್ಕಳನ್ನು ಐದು ವರ್ಷ ಹಿಂಬಾಲಿಸಿದರು. ಆ ಮಕ್ಕಳಿಗೆ ಫೋನು ಸಿಕ್ಕ ಸರಾಸರಿ ವಯಸ್ಸು ಹನ್ನೊಂದೂವರೆ ದಾಟಿತ್ತು. ಬೇಗ ಸಿಕ್ಕವರಿಗೂ ತಡವಾಗಿ ಸಿಕ್ಕವರಿಗೂ ನಿದ್ದೆಯಲ್ಲಾಗಲಿ, ಅಂಕಗಳಲ್ಲಾಗಲಿ, ಮನಸ್ಸಿನ ಆರೋಗ್ಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಇದು ಪ್ರಕಟವಾದಾಗ ಎಷ್ಟೋ ತಂದೆತಾಯಿಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟಿರಬೇಕು. 2025ರ ಕೊನೆಗೆ ಮತ್ತೊಂದು ಬಂತು, ಅದೇ ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯ ಮೇಲೆ. ಅದರಲ್ಲಿ 12ರ ವಯಸ್ಸಿಗೇ ಸ್ವಂತ ಸ್ಮಾರ್ಟ್‌ಫೋನ್ ಇದ್ದವರಲ್ಲಿ ಖಿನ್ನತೆ, ಬೊಜ್ಜು, ನಿದ್ದೆಯ ಕೊರತೆ ಮೂರೂ ಹೆಚ್ಚಾಗಿದ್ದವು.

ಯಾವುದನ್ನು ನಂಬುವುದು? ಎರಡನ್ನೂ ನಂಬಬಹುದು, ಅವು ಹೇಳುವುದಕ್ಕಿಂತ ಹೆಚ್ಚಿನದನ್ನು ಅವುಗಳ ಬಾಯಲ್ಲಿ ಹೇಳಿಸದಿದ್ದರೆ ಸಾಕು. ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಫೋನು ಕೊಟ್ಟು ಇನ್ನೊಂದಕ್ಕೆ ಕೊಡದೆ ಐದು ವರ್ಷ ಕಾಯುವ ಪ್ರಯೋಗವನ್ನು ಯಾರೂ ಮಾಡಲಾರರು. ಆದ್ದರಿಂದ ಸಂಶೋಧಕರು ಮನೆಯವರು ಆಗಲೇ ಮಾಡಿದ ಆಯ್ಕೆಯನ್ನು ನೋಡಿ ಲೆಕ್ಕ ಹಾಕುತ್ತಾರೆ. ಮನೆಯವರ ಆಯ್ಕೆಗೆ ಕಾರಣಗಳಿರುತ್ತವೆ. ರಾತ್ರಿ ಪಾಳಿಯಲ್ಲಿ ದುಡಿಯುವ ತಾಯಿ ಬೇಗ ಕೊಡಿಸಿರುತ್ತಾಳೆ. ಮಗ ಮೊದಲೇ ಮಂಕಾಗಿದ್ದಾನೆ, ಏನಾದರೂ ಖುಷಿಪಡಲಿ ಎಂದೂ ಕೊಡಿಸುವವರಿದ್ದಾರೆ. ಇಂಥ ಕಡೆ ಖಿನ್ನತೆ ಫೋನಿನಿಂದ ಬಂತೋ, ಖಿನ್ನತೆಯಿಂದಾಗಿ ಫೋನು ಬಂತೋ ಬಿಡಿಸುವುದು ಕಷ್ಟ. ಎರಡನೆಯ ಅಧ್ಯಯನದವರು ಇದನ್ನು ಬಿಡಿಸಲು ಒಂದು ಜಾಣ ದಾರಿ ಹುಡುಕಿದರು. 12ರಲ್ಲಿ ಫೋನಿಲ್ಲದ ಮಕ್ಕಳನ್ನಷ್ಟೇ ತೆಗೆದುಕೊಂಡು, ಮುಂದಿನ ಒಂದು ವರ್ಷದಲ್ಲಿ ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಎಂದು ನೋಡಿದರು. ಸಿಕ್ಕವರ ನಿದ್ದೆಯೂ ಮನಸ್ಸೂ ಹೆಚ್ಚು ಕೆಟ್ಟಿತ್ತು. ಇದು ಕೂಡ ಪುರಾವೆಯ ಕೊನೆಯ ಮಾತಲ್ಲ, ಆದರೆ ತಳ್ಳಿಹಾಕುವಂಥದೂ ಅಲ್ಲ.

ಇಂಥ ಅಧ್ಯಯನಗಳು ಕೊಡುವ ಸರಾಸರಿಗೆ ಇನ್ನೊಂದು ತೊಂದರೆ ಇದೆ. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಜಿಬಿಲ್‌ಸ್ಕಿ ಮೂರೂವರೆ ಲಕ್ಷ ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಸಾಧನಗಳ ಪಾಲು ಹೆಚ್ಚೆಂದರೆ ಶೇ. 0.4 ಎಂದರು. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು ಸಿಕ್ಕಿತು, ಪತ್ರಿಕೆಗಳು ಆ ಆಲೂಗಡ್ಡೆಯನ್ನು ಎತ್ತಿ ಮೆರೆಸಿದವು. ಆದರೆ ಅದೇ ಓರ್ಬೆನ್ 2022ರಲ್ಲಿ ವಯಸ್ಸನ್ನು ಒಡೆದು ನೋಡಿದಾಗ ಚಿತ್ರ ಬೇರೆಯಾಯಿತು. ಬ್ರಿಟನ್ನಿನ ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 14-15, ಇಬ್ಬರಲ್ಲೂ ಮತ್ತೆ 19ರ ಸುಮಾರಿಗೆ ಸಾಮಾಜಿಕ ಜಾಲತಾಣದ ಬಳಕೆ ಹೆಚ್ಚಾದರೆ ಒಂದು ವರ್ಷದ ನಂತರ ಬದುಕಿನ ಬಗೆಗಿನ ತೃಪ್ತಿ ತಗ್ಗುತ್ತಿತ್ತು. ಪ್ರಾಯಕ್ಕೆ ಬರುವ ವಯಸ್ಸು ಹುಡುಗಿಯರಿಗೆ ಮೊದಲು ಬರುವುದನ್ನು ನೆನೆದರೆ ಮೊದಲೆರಡು ಅಚ್ಚರಿಯಲ್ಲ. 19 ಮನೆ ಬಿಟ್ಟು ಹೊರಡುವ ವಯಸ್ಸು. ಅಂದರೆ ಹದಿಮೂರರ ಗೆರೆ ದಾಟಿದ ಕೂಡಲೇ ಇನ್‌ಸ್ಟಾ ಹಾಕಿಕೊಡುವುದೆಂದರೆ ಹುಡುಗರ ಮಟ್ಟಿಗೆ ಸರಿಯಾಗಿ ಸೂಕ್ಷ್ಮ ಕಾಲದ ಹೊಸ್ತಿಲಲ್ಲೇ ಕೊಟ್ಟಂತೆ.

ಆ ವಯಸ್ಸಿನ ತಲೆಯೊಳಗೆ ಏನಾಗುತ್ತದೆ? ಲಾಸ್ ಏಂಜಲೀಸ್‌ನಲ್ಲಿ 2016ರಲ್ಲಿ ನಡೆದ ಪ್ರಯೋಗವೊಂದನ್ನು ಹತ್ತಿರದಿಂದ ನೋಡಬಹುದು. 13ರಿಂದ 18 ವಯಸ್ಸಿನ 32 ಮಕ್ಕಳಿಗೆ ‘ಇದೊಂದು ಪುಟ್ಟ ಫೋಟೊ ಜಾಲತಾಣ’ ಎಂದು ಹೇಳಿ, ಒಬ್ಬೊಬ್ಬರನ್ನೇ ಸ್ಕ್ಯಾನರ್ ಒಳಗೆ ಮಲಗಿಸಿ, 148 ಚಿತ್ರಗಳನ್ನು ತೋರಿಸಿದರು. ಅವುಗಳಲ್ಲಿ 40 ಆ ಮಗುವೇ ಕಳಿಸಿದ ಫೋಟೊಗಳು. ಪ್ರತಿ ಚಿತ್ರದ ಕೆಳಗೂ ಲೈಕುಗಳ ಸಂಖ್ಯೆ. ಆ ಲೈಕುಗಳನ್ನು ಒತ್ತಿದವರು ಗೆಳೆಯರಲ್ಲ, ಸಂಖ್ಯೆಗಳನ್ನು ಸಂಶೋಧಕರೇ ಮನಬಂದಂತೆ ಹಂಚಿದ್ದರು. ತನ್ನ ಫೋಟೊಗೆ ಲೈಕು ಹೆಚ್ಚಿದ್ದಾಗ ಮಿದುಳಿನ ‘ನ್ಯೂಕ್ಲಿಯಸ್ ಅಕಂಬೆನ್ಸ್’ ಎಂಬ ಭಾಗ ಚುರುಕಾಯಿತು. ಚಾಕಲೇಟು ತಿಂದಾಗ, ದುಡ್ಡು ಗೆದ್ದಾಗ ಉತ್ಸಾಹಗೊಳ್ಳುವ ಜಾಗ ಅದು. ಅಪರಿಚಿತರ ಚಿತ್ರವೂ ಅಷ್ಟೆ: ಲೈಕು ಹೆಚ್ಚಿದ್ದರೆ ಇವರೂ ಲೈಕ್ ಒತ್ತಿದರು. ಸಿಗರೇಟು, ಮದ್ಯದ ಚಿತ್ರಗಳನ್ನು ನೋಡುವಾಗಲಂತೂ ತಡೆದು ಯೋಚಿಸಲು ನೆರವಾಗುವ ಭಾಗಗಳ ಚಟುವಟಿಕೆ ತಗ್ಗಿತು. ಮಿದುಳಿನ ಈ ತಡೆಯುವ ವ್ಯವಸ್ಥೆ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಮೆಚ್ಚುಗೆಗೆ ಹಾತೊರೆಯುವ ಭಾಗಕ್ಕೆ ಅಷ್ಟು ತಾಳ್ಮೆ ಇಲ್ಲ.

ಇಷ್ಟೆಲ್ಲ ವಾದವಿವಾದಗಳ ನಡುವೆ ಅಧ್ಯಯನಗಳು ಮತ್ತೆ ಮತ್ತೆ ಬೆರಳು ತೋರಿಸುವ ಒಂದು ವಿಷಯ ಇದೆ: ನಿದ್ದೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಮನೆಯ ಫೋನಿಗೂ ಸ್ವಂತ ಫೋನಿಗೂ ಇರುವ ದೊಡ್ಡ ವ್ಯತ್ಯಾಸ ಹಗಲಿನದಲ್ಲ. ಅಮ್ಮನ ಫೋನಿನಲ್ಲಿ ಎರಡು ಗಂಟೆ ಆಟ ಆಡಿದ ಹುಡುಗ ರಾತ್ರಿ ಅದನ್ನು ಅಮ್ಮನಿಗೆ ವಾಪಸ್ ಕೊಡಲೇಬೇಕು. ತನ್ನದಾದರೆ ಅದು ದಿಂಬಿನ ಕೆಳಗೆ ಹೋಗುತ್ತದೆ. ಮಲಗುವ ಹೊತ್ತಿನ ಫೋನು, ಟ್ಯಾಬ್ ಬಗ್ಗೆ ನಡೆದ 20 ಅಧ್ಯಯನಗಳನ್ನು, 1,25,198 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಬ್ರಿಟನ್ನಿನ ತಂಡವೊಂದು ಲೆಕ್ಕ ಹಾಕಿತು. ಮಲಗುವ ಮುನ್ನ ಬಳಸುವವರಿಗೆ ನಿದ್ದೆ ಸಾಲದಿರುವ ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು, ಇದು ನಿರೀಕ್ಷಿತ. ಬಳಸದಿದ್ದರೂ ಕೋಣೆಯಲ್ಲಿ ಕೈಗೆ ಸಿಗುವಂತೆ ಇದ್ದರೆ ಸಾಕು, ಸಂಭವ ಸುಮಾರು 1.8 ಪಟ್ಟು ಏರಿತ್ತು! ಯಾರಾದರೂ ಮೆಸೇಜ್ ಹಾಕಿರಬಹುದೇ ಎಂಬ ಕಾತರವೇ ಕಣ್ಣು ಮುಚ್ಚಲು ಬಿಡುವುದಿಲ್ಲವೇನೋ.

ಬೆಳಕಿನದೂ ಒಂದು ಪಾಲಿದೆ. ಕತ್ತಲಾದಂತೆ ಮಿದುಳಿನಲ್ಲಿ ಮೆಲಟೊನಿನ್ ಎಂಬ ಹಾರ್ಮೋನು ಒಸರಿ ಮೈಗೆ ರಾತ್ರಿಯ ಸುಳಿವು ಕೊಡುತ್ತದೆ, ಬೆಳಕು ಬಿದ್ದರೆ ಅದು ತಗ್ಗುತ್ತದೆ. ಜಪಾನಿನ ಪ್ರಯೋಗವೊಂದರಲ್ಲಿ ಸಂಜೆಯ ಒಂದೇ ಬೆಳಕಿಗೆ ಪ್ರಾಥಮಿಕ ಶಾಲೆಯ ಮಕ್ಕಳ ಮೆಲಟೊನಿನ್ ದೊಡ್ಡವರದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಕುಸಿಯಿತು. ಮಕ್ಕಳ ಕಣ್ಣಿನ ಪಾಪೆ ಅಗಲ, ಮಸೂರ ತಿಳಿ, ಹಾಗಾಗಿ ಒಳಗೆ ಹೋಗುವ ಬೆಳಕು ಜಾಸ್ತಿ. ಫೋನಿಗೆ ‘ನೈಟ್ ಮೋಡ್’ ಹಾಕಿದ್ದೇನೆ ಎಂದು ಸಮಾಧಾನಪಟ್ಟುಕೊಳ್ಳುವುದಕ್ಕಿಂತ ಎಲ್ಲರ ಚಾರ್ಜರನ್ನೂ ಹಾಲ್‌ನಲ್ಲಿ ಒಂದೇ ಪ್ಲಗ್ ಬೋರ್ಡಿಗೆ ತರುವುದು ಮೇಲು. ‘ಬೆಳಿಗ್ಗೆ ಓದೋಕೆ ಅಲಾರಂ ಬೇಕು’ ಎನ್ನುವ ವಕಾಲತ್ತು ಬಂದೇ ಬರುತ್ತದೆ. ಟೇಬಲ್ ಗಡಿಯಾರ ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಕಣ್ಣಿನ ಮಾತು ಬಂದದ್ದರಿಂದ ಇದೊಂದು: ದಿನದ ಸ್ಕ್ರೀನ್ ಒಂದು ಗಂಟೆ ಹೆಚ್ಚಿದಂತೆ ಸಮೀಪದೃಷ್ಟಿಯ ಸಂಭವ ಸುಮಾರು ಶೇ. 21ರಷ್ಟು ಹೆಚ್ಚುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2025ರ ವಿಶ್ಲೇಷಣೆಯೊಂದು ಹೇಳಿದೆ. ಚೀನಾದ ಗ್ವಾಂಗ್‌ಝೌನಲ್ಲಿ ಶಾಲಾ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟಾಗ, ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಶೇ. 39.5ರ ಬದಲು 30.4ಕ್ಕೆ ನಿಂತಿತು. ಕನ್ನಡಕದ ಖರ್ಚಿನ ಮುಂದೆ ಬಿಸಿಲು ಪುಕ್ಕಟೆ.

ತುತ್ತು ಇಳಿಯಲೆಂದು ಟ್ಯಾಬ್ ಹಿಡಿಸುವ ಎಳೆಗೂಸುಗಳ ವಿಷಯದಲ್ಲಿ ಹೆಚ್ಚು ಚರ್ಚೆಯೇ ಬೇಡ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷದವರೆಗೆ ಸ್ಕ್ರೀನ್ ಬೇಡವೇ ಬೇಡ, ಐದರವರೆಗೆ ದೊಡ್ಡವರ ಜೊತೆ ಹೆಚ್ಚೆಂದರೆ ಒಂದು ಗಂಟೆ, ಹತ್ತರವರೆಗೆ ಎರಡು ಗಂಟೆಯೊಳಗೆ ಎಂದಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದ್ದರು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ.

ಮತ್ತೆ ದೊಡ್ಡ ಮಕ್ಕಳಿಗೆ ಬರೋಣ. ‘ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆ, ನಂಗೊಬ್ಬಳಿಗೇ ಇಲ್ಲ’ ಎಂಬ ಮಾತಿಗೆ ಯಾವ ತಾಯಿಯ ಬಳಿಯೂ ಒಳ್ಳೆಯ ಉತ್ತರ ಇಲ್ಲ, ಏಕೆಂದರೆ ಅದರಲ್ಲಿ ಸತ್ಯ ಇದೆ. ಗೆಳತಿಯರ ಗುಂಪು ವಾಟ್ಸ್‌ಆ್ಯಪಿನಲ್ಲಿ ಕೂಡುವಾಗ ಹೊರಗುಳಿದ ಮಗುವಿಗೂ ನೋವು ಇದೆ. ಒಬ್ಬರೇ ಬಿಡಿಸಲಾಗದ ಈ ಗಂಟನ್ನು ಐರ್ಲೆಂಡಿನ ಗ್ರೇಸ್ಟೋನ್ಸ್ ಎಂಬ ಕಡಲತೀರದ ಪಟ್ಟಣ 2023ರಲ್ಲಿ ಒಟ್ಟಾಗಿ ಬಿಡಿಸಲು ಹೊರಟಿತು. ಅಲ್ಲಿನ ಎಂಟು ಪ್ರಾಥಮಿಕ ಶಾಲೆಗಳ ಪೋಷಕರು ಹೈಸ್ಕೂಲು ಸೇರುವವರೆಗೆ ಮಕ್ಕಳಿಗೆ ಸ್ಮಾರ್ಟ್‌ಫೋನ್ ಬೇಡವೆಂದು ತಾವಾಗಿಯೇ ಒಪ್ಪಂದ ಮಾಡಿಕೊಂಡರು. ಕಾನೂನಿಲ್ಲ, ದಂಡವಿಲ್ಲ. ‘ಎಲ್ಲರ ಹತ್ರಾನೂ ಇದೆ’ ಎಂಬ ವಾದದ ಬೇರು ಮಾತ್ರ ಸಡಿಲವಾಯಿತು. ನಮಗೆ ಹತ್ತಿರದ್ದು ಬೇಕೆಂದರೆ ಬೆಳಗಾವಿಯ ಆಚೆ, ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್. 2022ರಿಂದ ಅಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಒಂದೂವರೆ ಗಂಟೆ ಇಡೀ ಊರು ಟಿವಿ, ಫೋನು ಆರಿಸುತ್ತದೆ. ಮಕ್ಕಳದು ಮಾತ್ರವಲ್ಲ, ದೊಡ್ಡವರದೂ ಆರುತ್ತದೆ ಎಂಬುದು ನನಗೆ ಹಿಡಿಸಿದ ಅಂಶ. ಅಷ್ಟು ದೊಡ್ಡದು ಆಗದಿದ್ದರೆ ಮಗಳ ಹತ್ತಿರದ ನಾಲ್ಕು ಗೆಳತಿಯರ ಮನೆಯವರು ಮಾತಾಡಿಕೊಂಡರೂ ಸಾಕು.

ಒಪ್ಪಂದವೇನೋ ಆಯಿತು, ಟ್ಯೂಷನ್‌ನಿಂದ ಬರುವುದು ತಡವಾದರೆ? ಅದಕ್ಕೆ ಕೀಪ್ಯಾಡ್ ಫೋನು ಇದೆ. ಕರೆ ಮಾಡುತ್ತದೆ, ಕರೆ ಬರುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಇರುತ್ತದೆ. ಫೋನನ್ನು ಇಡಿಯಾಗಿ ಒಂದೇ ದಿನ ಕೊಡಬೇಕೆಂಬ ನಿಯಮವೇನಿಲ್ಲ. ಮೊದಲು ಕರೆ, ಆಮೇಲೆ ಪಾಠಕ್ಕೆ ಬೇಕಾದ ಇಂಟರ್‌ನೆಟ್, ಅದಾದ ಮೇಲೆ ಗೆಳೆಯರೊಡನೆ ಮೆಸೇಜು, ಅಪರಿಚಿತರು ಬಂದು ಹೋಗುವ ರೀಲ್ಸ್‌ನ ಜಗತ್ತು ಎಲ್ಲಕ್ಕಿಂತ ಕೊನೆಗೆ. ಆಂಡ್ರಾಯ್ಡ್ ಫೋನಿನಲ್ಲಿ ‘ಫ್ಯಾಮಿಲಿ ಲಿಂಕ್’ ಹಾಕಿದರೆ ಹೊಸ ಆ್ಯಪ್ ಇಳಿಸಲು ನಿಮ್ಮ ಅನುಮತಿ ಕೇಳುತ್ತದೆ, ಹೇಳಿದ ಹೊತ್ತಿಗೆ ಫೋನು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಜಾಣ ಮಕ್ಕಳು ಇದಕ್ಕೂ ಕಳ್ಳದಾರಿ ಕಂಡುಹಿಡಿಯುತ್ತಾರೆ, ನಿಜ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಅದೇ ಅಸರ್ ವರದಿಯಲ್ಲಿ ಸ್ವಂತ ಫೋನಿರುವ ಹುಡುಗರು ಶೇ. 36, ಹುಡುಗಿಯರು ಶೇ. 27. ಈ ಅಂತರಕ್ಕೆ ಕಾರಣ ಮಿದುಳಿನ ಕಾಳಜಿಯಲ್ಲ, ‘ಫೋನು ಕೊಟ್ರೆ ಹುಡುಗಿ ಕೈ ತಪ್ಪಿ ಹೋಗ್ತಾಳೆ’ ಎಂಬ ಹಳೆಯ ಭಯ. ಓರ್ಬೆನ್ ಕಂಡ 11-13ರ ಸೂಕ್ಷ್ಮ ಕಾಲವನ್ನು ಈ ಭಯಕ್ಕೆ ವೈಜ್ಞಾನಿಕ ಮುದ್ರೆಯಾಗಿ ಬಳಸುವುದು ಅನ್ಯಾಯ. ತಮ್ಮನಿಗೆ ಹದಿನಾಲ್ಕಕ್ಕೇ ಫೋನು ಕೊಟ್ಟು ಹದಿನೇಳರ ಅಕ್ಕನನ್ನು ಕಾಯಿಸುವ ಮನೆ ಯಾವ ಅಧ್ಯಯನವನ್ನೂ ಪಾಲಿಸುತ್ತಿಲ್ಲ.

ಸಮಸ್ಯೆ ಕೈಮೀರಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್ ಕ್ಲಿನಿಕ್’ ಇದೆ, ತಂತ್ರಜ್ಞಾನದ ಅತಿಬಳಕೆಗೆಂದೇ ಮೀಸಲು. ಆದರೆ ಬಹಳಷ್ಟು ತೊಂದರೆಗಳು ವೈದ್ಯರವರೆಗೆ ಇರಲಿ, ಅಪ್ಪ ಅಮ್ಮನವರೆಗೂ ಬರುವುದಿಲ್ಲ. ಅದಕ್ಕೊಂದು ಕಾರಣ ನಾವೇ. ‘ಇನ್ನೊಂದ್ಸಲ ಹೀಗಾದ್ರೆ ಫೋನ್ ಕಿತ್ಕೋತೀನಿ’ ಎಂದು ಮಾತಿಗೊಮ್ಮೆ ಹೆದರಿಸುವ ಮನೆಯಲ್ಲಿ, ಗೊತ್ತಿಲ್ಲದವನೊಬ್ಬ ಫೋಟೊ ಕೇಳಿದನೆಂದು ಮಗಳು ಬಂದು ಹೇಳುವುದಿಲ್ಲ. ಗೇಮಿನಲ್ಲಿ ಅಪ್ಪನ ಖಾತೆಯಿಂದ ದುಡ್ಡು ಹೋಯಿತೆಂದು ಮಗನೂ ಬಾಯಿ ಬಿಡುವುದಿಲ್ಲ. ಕಿತ್ತುಕೊಳ್ಳುವುದಿಲ್ಲ, ಏನೇ ಆದರೂ ಮೊದಲು ನನಗೆ ಹೇಳು ಎಂಬ ಮಾತನ್ನು ಫೋನು ಕೈಗಿಡುವ ದಿನವೇ ಕೊಡಬೇಕು. ಆ ದಿನವೇ ಅದರಲ್ಲಿ ಎರಡು ನಂಬರ್ ಸೇವ್ ಮಾಡಿಕೊಡಿ: ಸೈಬರ್ ವಂಚನೆಗೆ 1930, ಮಕ್ಕಳ ಸಹಾಯವಾಣಿ 1098.