ಮಾಸ್ಕ್ ಹಾಕಿ ಮಲಗಲು ಕಲಿಯುವುದು

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಎಲ್ಲರಲ್ಲೂ ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲಿನ ಮೆದು ಭಾಗ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಜೋರಾಗಿದ್ದ ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದು ಮಿದುಳು ಅರೆ ಎಚ್ಚರಗೊಳ್ಳುತ್ತದೆ, ದೊಡ್ಡದೊಂದು ಏದುಸಿರಿನೊಂದಿಗೆ ದಾರಿ ತೆರೆಯುತ್ತದೆ, ಗೊರಕೆ ಮತ್ತೆ ಶುರುವಾಗುತ್ತದೆ. ಇದೇ ಸ್ಲೀಪ್ ಅಪ್ನಿಯಾ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅಥವಾ ತೀರಾ ಕ್ಷೀಣಿಸಿದರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ ಇಂಥವು 5ರಿಂದ 15 ಆದರೆ ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೂ ಮೀರಿದರೆ ತೀವ್ರ. ರಾತ್ರಿಯಿಡೀ ನೂರಾರು ಸಲ ಹೀಗಾದರೂ ಮಲಗಿದ್ದವರಿಗೆ ಬೆಳಿಗ್ಗೆ ನೆನಪಿರುವುದಿಲ್ಲ. ತಲೆಭಾರ, ಹಗಲಿನ ತೂಕಡಿಕೆ, ಹತೋಟಿಗೆ ಬಾರದ ರಕ್ತದೊತ್ತಡ ಮಾತ್ರ ಉಳಿಯುತ್ತವೆ. ಉಸಿರು ನಿಂತದ್ದನ್ನು ಕಂಡು ಹೆದರುವವರು ಪಕ್ಕದಲ್ಲಿ ಮಲಗಿದವರು.

1980ರ ದಶಕದ ಆರಂಭದವರೆಗೂ ತೀವ್ರ ಅಪ್ನಿಯಾಕ್ಕೆ ಇದ್ದ ಖಚಿತ ಪರಿಹಾರವೆಂದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಬೇರೆ ದಾರಿ ಹುಡುಕಿದರು. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ಸತತವಾಗಿ ಹಾಯಿಸಿದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ ಎಂಬುದನ್ನು ಐವರು ರೋಗಿಗಳಲ್ಲಿ ತೋರಿಸಿ, 1981ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರಂಭದ ದಿನಗಳಲ್ಲಿ ರೋಗಿಯ ಮುಖದ ಅಚ್ಚು ತೆಗೆದು ಮಾಸ್ಕ್ ಮಾಡಬೇಕಿತ್ತು, ರಾತ್ರಿ ಅದನ್ನು ಅಂಟು ಹಚ್ಚಿ ಕೂರಿಸಬೇಕಿತ್ತು. ಇಂದು ಹಾಸಿಗೆ ಪಕ್ಕದ ಮೇಜಿನ ಮೇಲೆ ಕೂರುವ ಸಿಪ್ಯಾಪ್ ಯಂತ್ರ ಅದರ ವಂಶಜ.

ಈ ಯಂತ್ರದ ಬಗ್ಗೆ ಮನೆಗಳಲ್ಲಿ ಮೊದಲು ಹುಟ್ಟುವ ಭಯವೆಂದರೆ ‘ಆಕ್ಸಿಜನ್ ಹಾಕಿದ್ದಾರೆ’ ಎಂಬುದು. ಕೋವಿಡ್ ಕಾಲದ ನಂತರ ಮಾಸ್ಕ್, ಟ್ಯೂಬು ಕಂಡರೆ ವೆಂಟಿಲೇಟರ್ ನೆನಪಾಗುವುದೂ ಸಹಜವೇ. ಸಿಪ್ಯಾಪ್ ಇವೆರಡೂ ಅಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಸೋಸಿ ಒತ್ತುತ್ತದೆ. ಉಸಿರಾಡುವ ಕೆಲಸ ಮಲಗಿದವರದ್ದೇ. ಒತ್ತಡವನ್ನು ನೀರಿನ ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ, ಸಾಮಾನ್ಯವಾಗಿ 4ರಿಂದ 20ರ ನಡುವೆ. ಒತ್ತಡ 10 ಎಂದರೆ, ನೀರಿನಲ್ಲಿ 10 ಸೆಂಟಿಮೀಟರ್ ಆಳಕ್ಕೆ ಕೊಳವೆ ಅದ್ದಿ ಗುಳ್ಳೆ ಬರುವಂತೆ ಊದಲು ಬೇಕಾದಷ್ಟು, ಅಷ್ಟೇ.

ಒತ್ತಡ ಸರಿಯಾಗಿದ್ದರೆ ಯಂತ್ರ ಮೊದಲ ರಾತ್ರಿಯೇ ಕೆಲಸ ಮಾಡುತ್ತದೆ. ಆದರೆ ಮನುಷ್ಯ ಅಷ್ಟು ಬೇಗ ಒಗ್ಗುವುದಿಲ್ಲ. ಮುಖಕ್ಕೆ ಏನೋ ಕಟ್ಟಿಕೊಂಡು, ಒಳನುಗ್ಗುವ ಗಾಳಿಗೆ ಎದುರಾಗಿ ಉಸಿರು ಬಿಡುವುದು ದೇಹಕ್ಕೆ ಹೊಸತು. ಕೆಲವರಿಗೆ ಮಾಸ್ಕ್ ಹಾಕಿದೊಡನೆ ಉಸಿರುಗಟ್ಟಿದ ಭಾವನೆ ಬರುತ್ತದೆ. ಅಂಥವರಿಗೆ ರಾತ್ರಿ ಹೊತ್ತಿಗಿಂತ ಹಗಲೇ ಒಳ್ಳೆಯ ಪಾಠಶಾಲೆ. ಮೊದಲು ಮಾಸ್ಕನ್ನು ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಳ್ಳುವುದು, ಮರುದಿನ ಟಿವಿ ನೋಡುತ್ತಾ ಪಟ್ಟಿ ಬಿಗಿದು ಕೂರುವುದು, ಆಮೇಲೆ ಯಂತ್ರ ಚಾಲೂ ಮಾಡಿ ಅರ್ಧ ಗಂಟೆ, ನಂತರ ಮಧ್ಯಾಹ್ನದ ಸಣ್ಣ ನಿದ್ದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋದರೆ ಭಯ ಕರಗುತ್ತದೆ. ಒತ್ತಡವನ್ನು ಕಡಿಮೆಯಿಂದ ನಿಧಾನವಾಗಿ ಏರಿಸುವ ‘ರ‍್ಯಾಂಪ್’ ಸೌಲಭ್ಯವೂ, ಉಸಿರು ಬಿಡುವಾಗ ಒತ್ತಡ ತಗ್ಗಿಸುವ ವ್ಯವಸ್ಥೆಯೂ ಅನೇಕ ಯಂತ್ರಗಳಲ್ಲಿವೆ. ಇವನ್ನು ಹೊಂದಿಸಿಕೊಡುವಂತೆ ತಂತ್ರಜ್ಞರನ್ನು ಕೇಳಬೇಕು.

ಸಿಪ್ಯಾಪ್ ಬಿಟ್ಟವರ ಕಥೆಗಳಲ್ಲಿ ಬಹುಪಾಲು ಮಾಸ್ಕಿನ ಕಥೆಗಳೇ. ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವುದು, ಮೂಗನ್ನು ಮುಚ್ಚುವುದು, ಮೂಗು-ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆಗಳಿವೆ. ಅಳತೆಗಳೂ ಬೇರೆ ಬೇರೆ. ಅಂಗಡಿಯವರು ಕೊಟ್ಟದ್ದನ್ನೇ ಕೊನೆಯೆಂದು ಒಪ್ಪಿಕೊಳ್ಳಬೇಕಿಲ್ಲ. ಗಾಳಿ ಸೋರಿದರೆ ಎಲ್ಲರೂ ಮಾಡುವ ತಪ್ಪೆಂದರೆ ಪಟ್ಟಿಯನ್ನು ಇನ್ನಷ್ಟು ಬಿಗಿಯುವುದು. ಅದರಿಂದ ಸೋರಿಕೆ ನಿಲ್ಲುವುದಕ್ಕಿಂತ ಮೂಗಿನ ಸೇತುವೆಯ ಮೇಲೆ ಹುಣ್ಣಾಗುವುದೇ ಹೆಚ್ಚು. ಪಟ್ಟಿಗಳನ್ನು ಕೂತು ಅಲ್ಲ, ಮಲಗಿದ ಭಂಗಿಯಲ್ಲಿ, ಗಾಳಿ ಬರುತ್ತಿರುವಾಗ ಹೊಂದಿಸಬೇಕು; ಮಲಗಿದಾಗ ಮುಖದ ಆಕಾರವೇ ಸ್ವಲ್ಪ ಬದಲಾಗುತ್ತದೆ. ಗಡ್ಡ ಇದ್ದವರಲ್ಲಿ ಸೋರಿಕೆ ಹೆಚ್ಚು. ಮಲಗುವ ಮುನ್ನ ಮುಖಕ್ಕೆ ಕ್ರೀಮ್, ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯಿದ್ದರೆ ಆ ಜಿಡ್ಡಿಗೆ ಸಿಲಿಕೋನ್ ಅಂಚು ಜಾರುತ್ತದೆ. ಮುಖ ತೊಳೆದು ಒರೆಸಿಕೊಂಡು ಹಾಕಿದರೆ ಎಷ್ಟೋ ವ್ಯತ್ಯಾಸವಾಗುತ್ತದೆ.

ಬೆಳಿಗ್ಗೆ ಬಾಯಿ ಒಣಗಿ ಏಳುವವರು ನಿದ್ದೆಯಲ್ಲಿ ಬಾಯಿ ತೆರೆಯುತ್ತಿದ್ದಾರೆ ಎಂದರ್ಥ. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಕಟ್ಟಿದ ಮೂಗಿನೊಂದಿಗೆ ಮೂಗಿನ ಮಾಸ್ಕ್ ಬಳಸುವುದು ಆಗದ ಮಾತು. ಹೊಟ್ಟೆಗೆ ಗಾಳಿ ಹೋಗಿ ಉಬ್ಬರಿಸಿದರೆ ಒತ್ತಡ ಹೆಚ್ಚಿರಬಹುದು, ವೈದ್ಯರಿಗೆ ತಿಳಿಸಬೇಕು. ಒಣಗಿಸುವ ಗಾಳಿಗೆ ತೇವ ಸೇರಿಸಲು ಯಂತ್ರದಲ್ಲಿ ಸಣ್ಣ ನೀರಿನ ತೊಟ್ಟಿ ಇರುತ್ತದೆ. ಅದಕ್ಕೆ ಡಿಸ್ಟಿಲ್ಡ್ ನೀರೇ ಸರಿ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಬಿಳಿ ಪೊರೆ ಕಟ್ಟುತ್ತದೆ, ಕುದಿಸಿದ ಮಾತ್ರಕ್ಕೆ ಅದರ ಲವಣಗಳೆಲ್ಲ ಹೋಗುವುದಿಲ್ಲ. ಮಲೆನಾಡಿನ ಚಳಿಯಂಥ ವಾತಾವರಣದಲ್ಲಿ ಇನ್ನೊಂದು ತೊಂದರೆ: ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಟ್ಯೂಬಿನಲ್ಲಿ ಹನಿಗಟ್ಟಿ ಮುಖಕ್ಕೆ ಬರುತ್ತದೆ. ತೇವ ಸ್ವಲ್ಪ ಕಡಿಮೆ ಮಾಡಿ, ಟ್ಯೂಬಿಗೆ ಬಟ್ಟೆಯ ಹೊದಿಕೆ ಸುತ್ತಿ, ಯಂತ್ರವನ್ನು ತಲೆದಿಂಬಿಗಿಂತ ಕೆಳಗಿಟ್ಟರೆ ಇದು ನಿಲ್ಲುತ್ತದೆ. ಮಾಸ್ಕಿನ ಮೆತ್ತೆಯನ್ನು ದಿನವೂ, ಟ್ಯೂಬನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ತೊಟ್ಟಿಯ ಹಳೆಯ ನೀರನ್ನು ಬೆಳಿಗ್ಗೆ ಚೆಲ್ಲಬೇಕು.

ನಡುರಾತ್ರಿ ಕರೆಂಟ್ ಹೋದರೆ? ಹೊರಬಿಟ್ಟ ಉಸಿರು ಹೋಗಲು ಮಾಸ್ಕಿನಲ್ಲಿ ರಂಧ್ರಗಳಿರುತ್ತವೆ, ಮೂಗು-ಬಾಯಿ ಮುಚ್ಚುವ ಮಾಸ್ಕಿನಲ್ಲಿ ಹೊರಗಾಳಿ ಬಿಡುವ ಕವಾಟವೂ ಇರುತ್ತದೆ. ಯಂತ್ರ ನಿಂತ ಮೇಲೆ ಮಾಸ್ಕ್ ತೆಗೆದುಬಿಡುವುದೇ ಸರಿ. ವಿದ್ಯುತ್ ಪದೇ ಪದೇ ಕೈಕೊಡುವ ಊರುಗಳಲ್ಲಿ ಮನೆಯ ಯುಪಿಎಸ್‌ಗೆ ಜೋಡಿಸಬಹುದು. ನೀರು ಬಿಸಿ ಮಾಡುವ ಭಾಗವೇ ಹೆಚ್ಚು ವಿದ್ಯುತ್ ತಿನ್ನುವುದರಿಂದ ಅದನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಎಷ್ಟು ಹೊತ್ತು ಬಳಸಬೇಕು ಎಂಬುದು ಈ ಚಿಕಿತ್ಸೆಯ ಹೃದಯ. ಹತ್ತರಲ್ಲಿ ಏಳು ರಾತ್ರಿಗಳಾದರೂ ಕನಿಷ್ಠ 4 ಗಂಟೆ ಬಳಸಿದರೆ ‘ಒಗ್ಗಿದ್ದಾರೆ’ ಎಂದು ಲೆಕ್ಕ ಹಾಕುವ ರೂಢಿಯಿದೆ. ಅದು ಕನಿಷ್ಠ ಲೆಕ್ಕ, ಗುರಿಯಲ್ಲ. ಅಪ್ನಿಯಾ ಹೆಚ್ಚು ಕಾಡುವ ಕನಸಿನ ನಿದ್ದೆ ಬೆಳಗಿನ ಜಾವಕ್ಕೇ ಹೆಚ್ಚು. ಎರಡು ಗಂಟೆಗೆ ಮಾಸ್ಕ್ ಕಿತ್ತೆಸೆದವರು ಆ ಹೊತ್ತಿನಲ್ಲೇ ರಕ್ಷಣೆ ಕಳೆದುಕೊಳ್ಳುತ್ತಾರೆ. ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ‘ಸೇವ್’ ಅಧ್ಯಯನದಲ್ಲಿ ಸಿಪ್ಯಾಪ್ ಹೃದಯಾಘಾತ, ಪಾರ್ಶ್ವವಾಯುಗಳನ್ನು ತಗ್ಗಿಸಲಿಲ್ಲ. ಆದರೆ ಅವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರ. ಅಷ್ಟಕ್ಕೇ ಅವರ ಹಗಲಿನ ತೂಕಡಿಕೆ ಇಳಿದಿತ್ತು, ಮನಸ್ಸು ಹಗುರಾಗಿತ್ತು. ವಾಹನ ಓಡಿಸುವವರಿಗೆ ಈ ಒಂದು ಲಾಭವೇ ಜೀವ ಉಳಿಸುವಂಥದ್ದು.

ಮೊದಲ ಒಂದೆರಡು ವಾರಗಳಲ್ಲಿ ಬೆಳೆದ ಅಭ್ಯಾಸವೇ ಮುಂದೆಯೂ ಉಳಿಯುವುದು ಹೆಚ್ಚು. ಆದ್ದರಿಂದ ತೊಂದರೆ ಹೇಳಿಕೊಳ್ಳಲು ತಿಂಗಳ ಭೇಟಿಗಾಗಿ ಕಾಯಬಾರದು. ಬಳಸಿದ ಗಂಟೆಗಳು, ಸೋರಿಕೆ, ಉಳಿದ ಅಪ್ನಿಯಾಗಳ ಲೆಕ್ಕ ಯಂತ್ರದಲ್ಲೇ ದಾಖಲಾಗಿರುತ್ತದೆ. ಅದನ್ನು ನೋಡಿದರೆ ಎಲ್ಲಿ ತಪ್ಪಿದೆ ಎಂಬುದು ವೈದ್ಯರಿಗೆ ಗೊತ್ತಾಗುತ್ತದೆ. ಯಂತ್ರ ಬಿಟ್ಟರೆ ಅಪ್ನಿಯಾ ಕೆಲವೇ ರಾತ್ರಿಗಳಲ್ಲಿ ಮರಳುತ್ತದೆ. ಸಾಲ ಮಾಡಿ ಕೊಂಡ ಯಂತ್ರವನ್ನು ‘ನಮಗೆ ಆಗಿಬರಲಿಲ್ಲ’ ಎಂದು ಬೀರುವಿನ ಮೇಲೆ ಇಟ್ಟವರು ಇದ್ದರೆ, ಅದನ್ನು ಕೆಳಗಿಳಿಸಿ, ಮಾಸ್ಕಿನ ಸಮೇತ ಒಮ್ಮೆ ವೈದ್ಯರ ಬಳಿ ಒಯ್ಯಲಿ.