ತರಗತಿಯಲ್ಲಿ ಹಿನ್ನೆಲೆ ಸಂಗೀತ

ಶಾಲೆಗೂ ಸಂಗೀತಕ್ಕೂ ಇರುವ ನಂಟು ಹಳೆಯದು. ಬೆಳಗಿನ ಪ್ರಾರ್ಥನೆಯಲ್ಲಾಗಲಿ ವಚನಗಾಯನದಲ್ಲಾಗಲಿ ಮಕ್ಕಳು ಹಾಡಿಗೇ ಕಿವಿಗೊಡುತ್ತಾರೆ. ಮಕ್ಕಳು ಓದುವಾಗ ಅಥವಾ ಲೆಕ್ಕ ಮಾಡುವಾಗ ಮೆಲ್ಲನೆ ಕೇಳಿಬರುವ ಹಿನ್ನೆಲೆ ಸಂಗೀತದ ಮಾತು ಬೇರೆ. ಅದರಿಂದ ಕಲಿಕೆ ಹೆಚ್ಚುವುದೆಂಬ ನಂಬಿಕೆ ವ್ಯಾಪಕವಾಗಿರುವುದರಿಂದ ಅದನ್ನು ಪರಿಶೀಲಿಸುವುದು ಉಚಿತ.

ಈ ನಂಬಿಕೆಗೆ ಬಲ ತಂದದ್ದು 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಪ್ರಯೋಗ. ಮೊಜಾರ್ಟನ ಪಿಯಾನೊ ಸಂಗೀತವನ್ನು 10 ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಒಂದು ಬಗೆಯ ಆಕೃತಿ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆ ಪರಿಣಾಮ ಉಳಿದದ್ದು ಕಾಲು ಗಂಟೆಯೊಳಗೆ ಮಾತ್ರ. ಅವರು ಸಂಗೀತವನ್ನು ಕೇಳಿದ್ದು ಪರೀಕ್ಷೆಗೆ ಮುನ್ನವೇ ಹೊರತು ಪರೀಕ್ಷೆ ಬರೆಯುತ್ತಿರುವಾಗ ಅಲ್ಲ. ಅವರು ಎಳೆಯ ಮಕ್ಕಳೂ ಆಗಿರಲಿಲ್ಲ. ಆದರೂ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರರು ನವಜಾತ ಶಿಶುಗಳಿಗೆಲ್ಲ ಸಂಗೀತದ ಧ್ವನಿಮುದ್ರಿಕೆ ಹಂಚುವ ಯೋಜನೆ ಮುಂದಿಟ್ಟರು. ಹಿತವಾದ ಸಂಗೀತದಿಂದ ಮನಸ್ಸು ಉಲ್ಲಾಸಗೊಂಡು ಚುರುಕಾಗುವುದೇ ಆ ಫಲಕ್ಕೆ ಕಾರಣವೆಂದು 2001ರ ಸಂಶೋಧನೆ ತೋರಿಸಿತು.

ಸಂಗೀತವು ಅಡ್ಡಿಯಾಗುವ ಬಗೆಯೂ ತಿಳಿದಿದೆ. ಓದಿದ ಪದವನ್ನೋ ಅಂಕಿಯನ್ನೋ ಮನಸ್ಸು ಕ್ಷಣಕಾಲ ಒಳದನಿಯಲ್ಲಿ ಉಚ್ಚರಿಸಿ ಹಿಡಿದಿಡುತ್ತದೆ. ಆಗ ಕಿವಿಗೆ ಬೀಳುವ ಹಾಡಿನ ಮಾತುಗಳು ಅದೇ ಸ್ಥಳಕ್ಕೆ ನುಗ್ಗುತ್ತವೆ. ಸಾಹಿತ್ಯವುಳ್ಳ ಹಾಡು ಬರಿಯ ವಾದ್ಯಸಂಗೀತಕ್ಕಿಂತ ಹೆಚ್ಚು ಅಡ್ಡಿಯೆಂಬುದನ್ನು ಸಲಾಮೆ ಮತ್ತು ಬ್ಯಾಡ್ಲಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಣಿಸಿದರು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರಿಗೆ ಈ ವಿವೇಕ ಹೊಸದಲ್ಲ. ಯಕ್ಷಗಾನದ ಹಿಮ್ಮೇಳವನ್ನೇ ನೋಡಬಹುದು. ಭಾಗವತರ ಪದಕ್ಕೆ ಮದ್ದಳೆ, ಚಂಡೆ ಮೊಳಗುತ್ತವೆ. ಪದ ಮುಗಿದು ಪಾತ್ರಧಾರಿ ಅರ್ಥ ಹೇಳತೊಡಗಿದಾಗ ಅವು ಸುಮ್ಮನಾಗುತ್ತವೆ. ಮಾತು ಕೇಳಿಸಬೇಕಾದಲ್ಲಿ ವಾದ್ಯ ಹಿಂದೆ ಸರಿಯಬೇಕೆಂಬುದು ಅಲ್ಲಿಯ ಕ್ರಮ.

ಈ ಸೀಮೆಯ ತರಗತಿಗಳಿಗೆ ಆ ಕ್ರಮ ಇನ್ನಷ್ಟು ಅಗತ್ಯ. ಮಳೆಗಾಲದ ತಿಂಗಳುಗಳಲ್ಲಿ ಹಂಚು, ತಗಡುಗಳ ಮೇಲಿನ ಮಳೆಯ ಸದ್ದೇ ಶಿಕ್ಷಕರ ದನಿಯನ್ನು ಮುಚ್ಚುತ್ತದೆ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿದೆ. ಮೇಲಾಗಿ ಇಲ್ಲಿಯ ಮಕ್ಕಳ ಮನೆಮಾತು ಒಂದೇ ಅಲ್ಲ. ಹವ್ಯಕ ಕನ್ನಡ, ಕೊಂಕಣಿ, ಉರ್ದು ಮಾತನಾಡುವ ಮನೆಗಳಿವೆ. ಸಿದ್ದಿ ಸಮುದಾಯದ ಅನೇಕ ಮಕ್ಕಳು ಮನೆಯಲ್ಲಿ ಕೊಂಕಣಿಯನ್ನಾಡಿ ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಕಲಿಯುತ್ತಾರೆ. ಕೇಳಿಸದ ಒಂದು ಅಕ್ಷರವನ್ನು ಬಲ್ಲ ಮಗು ಊಹಿಸಿಕೊಳ್ಳುತ್ತದೆ. ಹೊಸದಾಗಿ ಕಲಿಯುವ ಮಗು ಅಲ್ಲಿಯೇ ಹಿಂದುಳಿಯುತ್ತದೆ. ಶ್ರವಣಶಕ್ತಿ ಕುಂದಿದ ಮಗುವಿನ ಸ್ಥಿತಿಯೂ ಇದೇ.

ಹಾಗೆಂದು ಸಂಗೀತವನ್ನು ಹೊರಗಿಡಬೇಕಾಗಿಲ್ಲ. ಪಾಠ ಆರಂಭವಾಗುವ ಮುನ್ನ, ಚಿತ್ರ ಬರೆಯುವಾಗ, ಕರಕುಶಲ ಕೆಲಸದಲ್ಲಿ, ಸ್ವಚ್ಛತೆಯ ವೇಳೆಯಲ್ಲಿ ಕೊಳಲು ಅಥವಾ ಸಿತಾರಿನ ಮೆಲುದನಿ ಹಿತಕರ. ಉಕ್ತಲೇಖನ, ವಾಚನ, ಬಾಯಿಲೆಕ್ಕ ಮತ್ತು ಹೊಸ ಪಾಠದ ವಿವರಣೆಗೆ ಮೌನವೇ ತಕ್ಕದ್ದು. ಸಂಗೀತ ನುಡಿಸಿದಾಗ ಶಿಕ್ಷಕರು ದನಿಯೇರಿಸಬೇಕಾಗಿ ಬಂದರೆ ಅದು ಜೋರಾಯಿತೆಂದೇ ಅರ್ಥ.

ದಾನಿಗಳು ಶಾಲೆಗೆ ಧ್ವನಿವರ್ಧಕವನ್ನು ಕೊಡುವುದು ಸ್ತುತ್ಯ. ಅದರೊಡನೆ ಮಳೆಯ ಸದ್ದು ತಡೆಯುವ ಒಳಚಾವಣಿಗೂ ಒಬ್ಬ ಸಂಗೀತ ಶಿಕ್ಷಕರಿಗೂ ನೆರವಾದರೆ ಫಲ ಇಮ್ಮಡಿಯಾದೀತು. ವಚನಗಾಯನ, ಯಕ್ಷಗಾನದ ಪದ, ಸಿದ್ದಿಯರ ಡಮಾಮಿಯ ಲಯ ಇವೆಲ್ಲ ಹಿನ್ನೆಲೆಯಲ್ಲಿ ಕರಗಿಹೋಗುವಂಥವಲ್ಲ. ಅವಕ್ಕೆಂದೇ ಮೀಸಲಾದ ಅವಧಿಯಲ್ಲಿ ಮಕ್ಕಳು ಮನಸಿಟ್ಟು ಕೇಳಿ ಕಲಿಯತಕ್ಕವು.