ಆಕಾರ ಕೆಟ್ಟ ಪ್ರೋಟೀನು, ತಿರುಗುವ ಪ್ರೋಟೀನು: 1997ರ ಎರಡು ನೊಬೆಲ್ ಬಹುಮಾನಗಳು



ಪ್ರೋಟೀನು ಎಂದರೆ ನಮಗೆ ನೆನಪಾಗುವುದು ಬೇಳೆ, ಮೊಟ್ಟೆ, ಹಾಲು. ಆದರೆ ನಮ್ಮ ಜೀವಕೋಶಗಳ ಒಳಗೆ ಹೆಚ್ಚಿನ ಕೆಲಸ ಮಾಡುವುದೂ ಪ್ರೋಟೀನುಗಳೇ. ಅಮೈನೋ ಆಮ್ಲಗಳ ಉದ್ದನೆಯ ಸರಪಳಿ ಸರಿಯಾದ ಆಕಾರಕ್ಕೆ ಮಡಚಿಕೊಂಡರೆ ಪ್ರೋಟೀನು ತನ್ನ ಕೆಲಸ ಮಾಡುತ್ತದೆ. ಆ ಆಕಾರ ಕೆಟ್ಟರೆ ಏನಾಗುತ್ತದೆ, ಸರಿಯಿದ್ದರೆ ಏನೆಲ್ಲ ಸಾಧ್ಯ ಎಂಬುದನ್ನು 1997ರ ಎರಡು ನೊಬೆಲ್ ಬಹುಮಾನಗಳಿಂದ ತಿಳಿಯಬಹುದು.

ರೋಗ ತರುವ ಪ್ರೋಟೀನು

ಆ ವರ್ಷದ ವೈದ್ಯಕೀಯ ಬಹುಮಾನ ಅಮೆರಿಕದ ಸ್ಟಾನ್ಲಿ ಪ್ರುಸಿನರ್ ಅವರಿಗೆ ಬಂತು. 1972ರಲ್ಲಿ ಅವರು ನೋಡಿಕೊಳ್ಳುತ್ತಿದ್ದ ರೋಗಿಯೊಬ್ಬರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯಿಂದ ತೀರಿಕೊಂಡರು. ಈ ಕಾಯಿಲೆಯಲ್ಲಿ ಮಿದುಳು ಸ್ಪಂಜಿನಂತೆ ತೂತು ಬೀಳುತ್ತದೆ. ಕುರಿಗಳ ಸ್ಕ್ರೇಪಿ, ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಕಂಡ ಕುರು, ಬ್ರಿಟನ್ನಿನ ಹುಚ್ಚು ಹಸು ರೋಗ ಎಲ್ಲವೂ ಇದೇ ಜಾತಿಯವು.

ಇದಕ್ಕೆ ಕಾರಣ ಯಾವುದೋ ನಿಧಾನಗತಿಯ ವೈರಸ್ ಇರಬೇಕೆಂದು ಹಲವರು ಹುಡುಕುತ್ತಿದ್ದರು. ಪ್ರುಸಿನರ್ 1982ರಲ್ಲಿ, ಇದು ಬರೀ ಪ್ರೋಟೀನು ಎಂದು ಹೇಳಿ ಅದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟರು. ಡಿಎನ್‌ಎ ಇಲ್ಲದ ವಸ್ತು ಹೇಗೆ ಹೆಚ್ಚುತ್ತದೆ ಎಂದು ಅನೇಕ ವಿಜ್ಞಾನಿಗಳು ನಂಬಲಿಲ್ಲ.

ಉತ್ತರ ನಮ್ಮ ಮಿದುಳಿನಲ್ಲೇ ಇತ್ತು. ಅದೇ ಪ್ರೋಟೀನು ಆರೋಗ್ಯವಂತರಲ್ಲೂ ಇರುತ್ತದೆ, ಆದರೆ ಸರಿಯಾದ ಆಕಾರದಲ್ಲಿ. ಆಕಾರ ಕೆಟ್ಟದ್ದು ಪಕ್ಕದ ಒಳ್ಳೆಯದನ್ನು ತಾಗಿ ತನ್ನಂತೆ ಮಾಡಿಕೊಳ್ಳುತ್ತದೆ. ಒಂದು ಚಮಚ ಹೆಪ್ಪು ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡಿದ ಹಾಗೆ. ವ್ಯತ್ಯಾಸವಿಷ್ಟೇ: ಹೆಪ್ಪಿನಲ್ಲಿ ಜೀವಾಣುಗಳಿವೆ, ಪ್ರಿಯಾನಿನಲ್ಲಿ ಅವೂ ಇಲ್ಲ. ಆ ಪ್ರೋಟೀನಿನ ಜೀನ್ ತೆಗೆದುಹಾಕಿದ ಇಲಿಗಳಿಗೆ ಸ್ಕ್ರೇಪಿ ತಗುಲಿಸಿದರೂ ಕಾಯಿಲೆ ಬರಲಿಲ್ಲ. ಇದು ದೊಡ್ಡ ಸಾಕ್ಷಿಯಾಯಿತು.

ಇಲ್ಲೊಂದು ಮಾತು ಮುಖ್ಯ. ಪ್ರಿಯಾನ್ ಸಾಮಾನ್ಯ ಕುದಿಸುವಿಕೆಗೆ ಜಗ್ಗುವುದಿಲ್ಲ. ಹಾಗಾಗಿ ಮಿದುಳಿನ ಶಸ್ತ್ರಚಿಕಿತ್ಸೆಯ ಸಲಕರಣೆಗಳಿಗೆ ವಿಶೇಷ ಶುದ್ಧೀಕರಣ ಬೇಕು. ಆದರೆ ರೋಗಿಯನ್ನು ಮುಟ್ಟುವುದರಿಂದ, ಜೊತೆಯಲ್ಲಿ ಕೂತು ಉಣ್ಣುವುದರಿಂದ, ಆರೈಕೆ ಮಾಡುವುದರಿಂದ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ ಹರಡುವುದಿಲ್ಲ. ಇದು ಬಲು ಅಪರೂಪದ, ಇನ್ನೂ ಮದ್ದಿಲ್ಲದ ಕಾಯಿಲೆ. ಬಂದ ಮನೆಯವರನ್ನು ಭಯದಿಂದ ದೂರ ಇಡುವುದು ಬೇಡ.

ದುಡಿಯುವ ಪ್ರೋಟೀನು

ಅದೇ ವರ್ಷದ ರಸಾಯನಶಾಸ್ತ್ರದ ಬಹುಮಾನದ ಅರ್ಧ ಅಮೆರಿಕದ ಪಾಲ್ ಬಾಯರ್, ಇಂಗ್ಲೆಂಡಿನ ಜಾನ್ ವಾಕರ್ ಅವರಿಗೂ ಉಳಿದರ್ಧ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೂ ಸಂದಿತು. ಮೂವರ ವಿಷಯವೂ ಎಟಿಪಿ. ಇದು ಜೀವಕೋಶದ ಕೈಯಲ್ಲಿರುವ ಚಿಲ್ಲರೆ ಕಾಸಿನಂತೆ. ಹೆಚ್ಚಿನ ಕೆಲಸಗಳಿಗೆ ಇದನ್ನೇ ಖರ್ಚು ಮಾಡಬೇಕು. 1929ರಲ್ಲಿ ಎಟಿಪಿಯನ್ನು ಕಂಡುಹಿಡಿದವರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಒಬ್ಬರು.

ಶಿವನಸಮುದ್ರದಲ್ಲಿ 1902ರಿಂದ ಬೀಳುವ ನೀರು ಚಕ್ರ ತಿರುಗಿಸಿ ವಿದ್ಯುತ್ ಕೊಡುತ್ತಿದೆ. ನಮ್ಮ ಜೀವಕೋಶದಲ್ಲೂ ಅಂಥದೇ ಏರ್ಪಾಡು ಇದೆ. ಉಂಡ ಅನ್ನದ ಶಕ್ತಿಯಿಂದ ಹೈಡ್ರೋಜನ್ ಅಯಾನುಗಳು ಪೊರೆಯ ಒಂದು ಬದಿಯಲ್ಲಿ ಸೇರುತ್ತವೆ. ಅವು ಮರಳಿ ಹರಿಯುವಾಗ ಒಂದು ಪ್ರೋಟೀನು ಗಿರಗಿರ ತಿರುಗಿ ಎಟಿಪಿ ತಯಾರಿಸುತ್ತದೆ. ಆ ಪ್ರೋಟೀನು ಹೀಗೆ ತಿರುಗಿಯೇ ಎಟಿಪಿ ತಯಾರಿಸುತ್ತದೆಂದು ಬಾಯರ್ ಮೊದಲು ಸೂಚಿಸಿದರು. ವಾಕರ್ ತಂಡ 1994ರಲ್ಲಿ ಆ ಯಂತ್ರದ ರಚನೆಯನ್ನೇ ತೋರಿಸಿತು. ಸುಮ್ಮನೆ ಕೂತಿದ್ದರೂ ನಮ್ಮ ದೇಹ ದಿನಕ್ಕೆ ತನ್ನ ಅರ್ಧ ತೂಕದಷ್ಟು ಎಟಿಪಿಯನ್ನು ಮಾಡಿ ಬಳಸುತ್ತದೆ.

ಆ ಎಟಿಪಿಯ ದೊಡ್ಡ ಪಾಲು ಹೋಗುವುದು ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಕಂಡ ಪಂಪಿಗೆ. ಪ್ರತಿ ಸಲವೂ ಅದು ಮೂರು ಸೋಡಿಯಂ ಅಯಾನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಅದು ನಿಂತರೆ ನರಗಳು ಸುದ್ದಿ ಸಾಗಿಸಲಾರವು.

ಗಡಿನಾಡಿನ ನಮ್ಮ ಅನೇಕ ಮಕ್ಕಳು ಇವನ್ನು ಬೇರೆ ಭಾಷೆಯ ಪಠ್ಯದಲ್ಲಿ ಓದುತ್ತಾರೆ. ಎಟಿಪಿಯ ಪಾಠ ಬಂದ ದಿನ ಮನೆಯಲ್ಲಿ ಕನ್ನಡದಲ್ಲೊಮ್ಮೆ ಇದನ್ನು ಓದಿ ಹೇಳೋಣ.